ಮಾರ್ಕೆಟ್‌ಗೆ ಬಿಟ್ರೆ ಪರಿಸರ ಉಳಿಯತ್ತಾ?

ಹಸಿರುಹಾದಿ: ಎಲ್ಲರಿಗೂ ನಮಸ್ಕಾರ. ಯಾರದ್ದೂ ಅಲ್ಲದ ಆಸ್ತೀನ ಯಾರೂ ಕಾಯಲ್ಲ, ಅದಕ್ಕೇ ಪರಿಸರಾನೂ ಫ್ರೀ ಮಾರ್ಕೆಟ್‌ಗೆ ಬಿಡಿ, ಸರ್ಕಾರದ ರೂಲ್ಸ್ ಬೇಡ ಅಂತ ಒಬ್ರು ವಾದ ಮಾಡ್ತಿದ್ರು. ಕೇಳೋಕೆ ಸರಿ ಅನ್ಸತ್ತೆ ಆದ್ರೆ ಗಾಳೀನ ಯಾರ ಹೆಸರಿಗೆ ಖಾತೆ ಮಾಡ್ಸೋದು? ಎಲ್ಲಾದ್ರೂ ವರ್ಕ್ ಆಗಿದ್ಯಾ, ಗೊತ್ತಿದ್ರೆ ಹೇಳಿ ಪ್ಲೀಸ್.

ಲೆಕ್ಕದಪುಸ್ತಕ: ಆಗಿದೆ. ಅಮೆರಿಕದಲ್ಲಿ ಆಸಿಡ್ ಮಳೆ ಕಾಟ ಇತ್ತಲ್ಲ, 1990ರಲ್ಲಿ ಕಾನೂನಿಗೆ ತಿದ್ದುಪಡಿ ತಂದು ಪವರ್ ಪ್ಲಾಂಟ್‌ಗಳೆಲ್ಲಾ ಸೇರಿ ಆ ಮಳೆಗೆ ಕಾರಣವಾದ ಸಲ್ಫರ್ ಡೈಆಕ್ಸೈಡ್ (ಗಂಧಕದ ಹೊಗೆ) ಇಷ್ಟೇ ಬಿಡ್ಬಹುದು ಅಂತ ಮಿತಿ ಹಾಕಿದ್ರು. ಒಂದು ಟನ್‌ಗೆ ಒಂದು ಪರ್ಮಿಟ್, ಕಮ್ಮಿ ಹೊಗೆ ಬಿಟ್ಟೋರು ಉಳಿದ ಪರ್ಮಿಟ್ ಮಾರ್ಕೋಬಹುದು. 1995ರಲ್ಲಿ ಶುರುವಾಯ್ತು. ಯಾರು ಸ್ಕ್ರಬ್ಬರ್ (ಹೊಗೆಯಿಂದ ಗಂಧಕ ತೆಗೆಯೋ ಯಂತ್ರ) ಹಾಕ್ಬೇಕು, ಯಾರು ಗಂಧಕ ಕಮ್ಮಿ ಇರೋ ಕಲ್ಲಿದ್ದಲು ತರ್ಬೇಕು ಅಂತ ಯಾವ ಆಫೀಸರೂ ಹೇಳ್ಲಿಲ್ಲ, ಅವರವರೇ ಲೆಕ್ಕ ಹಾಕ್ಕೊಂಡ್ರು, ಮೊದ್ಲು ಅಂದಾಜು ಮಾಡಿದ್ದಕ್ಕಿಂತ ಎಷ್ಟೋ ಕಮ್ಮಿ ಖರ್ಚಲ್ಲಿ ಹೊಗೆ ಇಳೀತು.

ಗಾಳಿಮಾತು: ಸರ್, ಉದಾಹರಣೆ ಒಳ್ಳೇದೇ, ಆದ್ರೆ ಅದನ್ನ "ಫ್ರೀ" ಮಾರ್ಕೆಟ್ ಅನ್ನೋದಕ್ಕೆ ನನ್ನ ತಕರಾರಿದೆ. ಮಿತಿ ಹಾಕಿದ್ದು ಸರ್ಕಾರ, ಪ್ರತಿ ಚಿಮಣಿಗೂ ಅಳತೆ ಯಂತ್ರ ಕೂರ್ಸಿದ್ದೂ ಅದೇ ಕಾನೂನು, ಮಾರ್ಕೆಟ್ ಆ ಬೇಲಿ ಒಳಗೆ ಕೆಲಸ ಮಾಡ್ತು ಅಷ್ಟೆ. ಬೇಲಿ ಸಡಿಲ ಆದ್ರೆ ಏನಾಗತ್ತೆ ನೋಡ್ಬೇಕಾ, ಯುರೋಪ್‌ನಲ್ಲಿ 2005ರಲ್ಲಿ ಕಾರ್ಬನ್ ಮಾರ್ಕೆಟ್ (ಕಾರ್ಬನ್ ಡೈಆಕ್ಸೈಡ್ ಬಿಡೋಕೆ ಇಂಥದ್ದೇ ಪರ್ಮಿಟ್ ವ್ಯಾಪಾರ) ಶುರು ಮಾಡ್ದಾಗ ಬೇಕಿದ್ದಕ್ಕಿಂತ ಜಾಸ್ತಿ ಪರ್ಮಿಟ್ ಹಂಚಿಬಿಟ್ರು, 2007ರ ಹೊತ್ತಿಗೆ ಅದರ ರೇಟು ಹೆಚ್ಚುಕಮ್ಮಿ ಸೊನ್ನೆ! ಕೊಳ್ಳೋಕೆ ಕಾಸೇ ಬೇಡ ಅಂದ್ಮೇಲೆ ಹೊಗೆ ಕಮ್ಮಿ ಮಾಡೋಕೆ ಯಾಕೆ ಒದ್ದಾಡ್ತಾರೆ ಹೇಳಿ.

ಕಡಲತೀರ: ಮೀನಿನ ವಿಷ್ಯಾನೂ ಹೀಗೇನೆ. ಅಲಾಸ್ಕಾದಲ್ಲಿ ಹ್ಯಾಲಿಬಟ್ ಮೀನಿಗೆ ಒಟ್ಟು ಮಿತಿ ಇತ್ತು, ಆದ್ರೆ ಯಾರು ಮೊದ್ಲು ಹಿಡೀತಾರೋ ಅವರದ್ದು, ಹಾಗಾಗಿ ದೋಣಿಗಳು ಜಾಸ್ತಿಯಾಗಿ ಆಗಿ ಸೀಸನ್ನೇ ಎರಡು ಮೂರು ದಿನಕ್ಕೆ ಬಂದ್ಬಿಟ್ಟಿತ್ತು, ಬಿರುಗಾಳಿ ಇದ್ರೂ ಕಡಲಿಗೆ ಇಳೀಲೇಬೇಕು, ಜೀವ ಹೋದ್ರೂ ಸರಿ ಅನ್ನೋ ಹಾಗೆ. 1995ರಲ್ಲಿ ಒಬ್ಬೊಬ್ರಿಗೆ ಇಷ್ಟು ಪಾಲು ಅಂತ ಕೋಟಾ ಕೊಟ್ರು, ಮಾರೋಕೂ ಬಿಟ್ರು, ಸೀಸನ್ ಸುಮಾರು ಎಂಟು ತಿಂಗಳಾಯ್ತು. ಆದ್ರೆ ನನಗೆ ಹೊಟ್ಟೆ ಉರಿಯೋದು ಒಂದೇ ಕಡೆ. ಐಸ್‌ಲ್ಯಾಂಡ್‌ನಲ್ಲಿ ಇಂಥದ್ದೇ ಕೋಟಾ ಬರ್ತಾ ಬರ್ತಾ ದೊಡ್ಡ ಕಂಪನಿಗಳ ಕೈ ಸೇರಿ, ಸಣ್ಣ ಸಣ್ಣ ಮೀನುಗಾರರ ಊರುಗಳು ಖಾಲಿ ಕೈಲಿ ಉಳಿದ್ವು. ಮೀನು ಉಳೀತು ಸರಿ, ಮೀನುಗಾರ?

ಹಸಿರುಹಾದಿ: ಥ್ಯಾಂಕ್ಸ್ ಎಲ್ರಿಗೂ. ಹಂಗಾದ್ರೆ ಮೊದ್ಲನೇ ಪರ್ಮಿಟ್ಟು ಫ್ರೀಯಾಗಿ ಕೊಡ್ಬೇಕಾ, ಹರಾಜು ಹಾಕ್ಬೇಕಾ?

ಗಾಳಿಮಾತು: ಹರಾಜೇ. ಯುರೋಪ್‌ನಲ್ಲಿ ಕರೆಂಟ್ ಕಂಪನಿಗಳು ಪುಕ್ಕಟೆ ಸಿಕ್ಕಿದ ಪರ್ಮಿಟ್‌ಗೂ ಬೆಲೆ ಕಟ್ಟಿ ಗ್ರಾಹಕರ ಬಿಲ್ಲಿಗೆ ಸೇರಿಸಿ ಲಾಭ ಮಾಡ್ಕೊಂಡ್ವು. 2013ರಿಂದ ಅವು ಬಹುಪಾಲು ಹರಾಜಲ್ಲೇ ಕೊಳ್ಬೇಕು.