ತವರಿನ ಜಮೀನು: ಸಹಿ ಹಾಕುವ ಮೊದಲು ಕೇಳಿದ ನಾಲ್ಕು ಪ್ರಶ್ನೆ

ಪ್ರಶ್ನೆ: ನಮಸ್ತೆ ಮೇಡಂ. ತಾತನಿಂದ ಬಂದ ನಾಲ್ಕು ಎಕರೆ, ಖಾತೆ ಅಪ್ಪನ ಹೆಸರಲ್ಲಿ. ಅಮ್ಮ ಮೊದಲೇ ಹೋದರು, ಅಪ್ಪ ತೀರಿಕೊಂಡಿದ್ದು 2001ರಲ್ಲಿ. ಒಬ್ಬ ತಮ್ಮ, ನಾವಿಬ್ಬರು ಹೆಣ್ಣುಮಕ್ಕಳು. ಅಕ್ಕನ ಮದುವೆ 1990ರಲ್ಲಿ, ನನ್ನದು 1996ರಲ್ಲಿ. ಅಕ್ಕನಿಗೆ ಕಾನೂನಲ್ಲೇ ಪಾಲಿಲ್ಲ, ನಾನೊಬ್ಬಳು ಪಾಲು ಬಿಟ್ಟೆ ಅಂತ ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಹಾಕಿದರೆ ಸಾಕು ಅಂತಾನೆ ತಮ್ಮ. ಹೌದಾ?

ಉತ್ತರ (ಸಿವಿಲ್ ವಕೀಲೆ): ಹುಟ್ಟಿನಿಂದ ಬರುವ ಪಾಲಿನಲ್ಲಿ ನಿಮ್ಮಿಬ್ಬರ ನಡುವೆ ಅಂಥ ಭೇದ ಇದ್ದದ್ದು ಹನ್ನೊಂದು ವರ್ಷ ಮಾತ್ರ. ಹಿಂದೂ ಉತ್ತರಾಧಿಕಾರ ಕಾಯ್ದೆಗೆ ಕರ್ನಾಟಕ ತಂದ ತಿದ್ದುಪಡಿ 1994ರ ಜುಲೈ 30ರಿಂದ ಹೆಣ್ಣುಮಕ್ಕಳಿಗೆ ಹುಟ್ಟಿನಿಂದಲೇ ಪಾಲು ಕೊಟ್ಟಿತು, ಆದರೆ ಅದಕ್ಕೆ ಮೊದಲೇ ಮದುವೆಯಾದವರನ್ನು ಹೊರಗಿಟ್ಟಿತು. ಕೊಟ್ಟ ಹೆಣ್ಣು ಕುಲಕ್ಕೆ ಹೊರಗೆ ಎಂಬ ಊರ ಮಾತೇ ಕಾಯ್ದೆಯೊಳಗೂ ನುಸುಳಿತ್ತು. ನೇಪಾಳದ 2002ರ ತಿದ್ದುಪಡಿ ಇನ್ನೂ ವಿಚಿತ್ರ: ಮಗಳಿಗೆ ಪಾಲು ಕೊಟ್ಟು, ಮದುವೆಯಾದರೆ ಅದನ್ನು ವಾಪಸ್ ಕೊಡು ಎಂದಿತ್ತು. ಆ ಷರತ್ತು ಆಮೇಲೆ ಹೋಯಿತು.

ನಮ್ಮಲ್ಲಿ 2005ರ ಸೆಪ್ಟೆಂಬರ್ 9ರ ಕೇಂದ್ರ ತಿದ್ದುಪಡಿ ಮದುವೆಯ ಗೆರೆಯನ್ನೇ ಅಳಿಸಿತು. ಆ ದಿನ ಅಪ್ಪ ಬದುಕಿರಬೇಕಿತ್ತು ಎಂದು ಸುಪ್ರೀಂ ಕೋರ್ಟ್ 2015ರಲ್ಲಿ ಹೇಳಿತ್ತು. ಅದು ನಮ್ಮ ರಾಜ್ಯದಿಂದಲೇ ಹೋದ ಫೂಲವತಿ ಪ್ರಕರಣ. 2020ರ ಆಗಸ್ಟ್ 11ರ ವಿನೀತಾ ಶರ್ಮಾ ತೀರ್ಪು ಅದನ್ನು ತಳ್ಳಿಹಾಕಿತು. ಹಾಗಾಗಿ ಅಕ್ಕನಿಗೂ ಪಾಲಿದೆ, ನಿಮಗೂ ಇದೆ, ಸಮವಾಗಿ.

ಲೆಕ್ಕ ನೋಡಿ. 1994ಕ್ಕೆ ಮೊದಲಿನ ಹಳೆಯ ಕ್ರಮದಲ್ಲಾದರೆ ಅಪ್ಪನಿಗೆ 2 ಎಕರೆ, ಮಗನಿಗೆ 2 ಎಕರೆ. ಅಪ್ಪನ 80 ಗುಂಟೆ ಮಾತ್ರ ಮೂವರಿಗೆ ಹಂಚಿ, ಮಗಳ ಕೈಗೆ 26⅔ ಗುಂಟೆ. ಈಗ ಅಪ್ಪ ಮತ್ತು ಮೂವರು ಮಕ್ಕಳಿಗೆ ತಲಾ 1 ಎಕರೆ, ಮೇಲೆ ಅಪ್ಪನ ಎಕರೆಯ ಮೂರನೇ ಒಂದು. ಒಟ್ಟು 1 ಎಕರೆ 13⅓ ಗುಂಟೆ, ಅಂದರೆ ಸರಿಯಾಗಿ ಎರಡು ಪಟ್ಟು.

ಒಂದೇ ತಡೆ ಇದೆ. 2004ರ ಡಿಸೆಂಬರ್ 20ಕ್ಕೆ ಮೊದಲೇ ನೋಂದಾಯಿತ ವಿಭಾಗ ಪತ್ರ, ಕೋರ್ಟ್ ಡಿಕ್ರಿ ಅಥವಾ ಮಾರಾಟ ಆಗಿದ್ದರೆ ಅದನ್ನು ಕದಲಿಸಲಾಗದು. ಪಂಚಾಯ್ತಿಯಲ್ಲಿ ಬರೆದ ನೋಂದಣಿಯಿಲ್ಲದ ಪಾಲುಪಟ್ಟಿ ತಂದು ತೋರಿಸಿದರೆ ಹೆದರಬೇಡಿ. ಬಾಯಿಮಾತಿನ ಪಾಲನ್ನು ಕೋರ್ಟ್ ಒಪ್ಪುವುದು ಅಪರೂಪ, ಅದೂ ಸರ್ಕಾರಿ ದಾಖಲೆಯ ಬೆಂಬಲ ಇದ್ದರೆ ಮಾತ್ರ.

ಪ್ರಶ್ನೆ: ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಹಾಕಿ ಆಮೇಲೆ ಮನಸ್ಸು ಬದಲಾದರೆ?

ಉತ್ತರ (ಸಿವಿಲ್ ವಕೀಲೆ): ನೋಂದಣಿಯಾದ ಮೇಲೆ ಬರೀ ಮನಸ್ಸು ಬದಲಾದರೆ ಏನೂ ಆಗದು. ಮೋಸ ಆಗಿದೆ ಎನ್ನುವುದಾದರೆ, ಅದು ಗೊತ್ತಾದ ದಿನದಿಂದ 3 ವರ್ಷದೊಳಗೆ ದಾವೆ ಹೂಡಬೇಕು, ಸಾಬೀತು ಮಾಡುವ ಹೊರೆಯೂ ನಿಮ್ಮದೇ. ಅಪ್ಪ ಬದುಕಿರುವಾಗ ಅವರ ಸ್ವಯಾರ್ಜಿತದ ಮೇಲೆ ಬರೆಸಿಕೊಂಡ ಬಿಡುಗಡೆ ಮಾತ್ರ ಬೇರೆ. ಇನ್ನೂ ಬಾರದ ಹಕ್ಕನ್ನು ಬಿಟ್ಟುಕೊಡಲು ಬರುವುದಿಲ್ಲ (ಸ್ವತ್ತು ವರ್ಗಾವಣೆ ಕಾಯ್ದೆ, ಕಲಂ 6(ಎ)). ಆದರೆ ಅದಕ್ಕೆ ದುಡ್ಡು ಇಸಿದುಕೊಂಡಿದ್ದರೆ ಕೋರ್ಟ್ ನಿಮ್ಮ ಬಾಯಿ ಕಟ್ಟಬಹುದು.

ಫ್ರಾನ್ಸ್ ಇದನ್ನು ನಿಭಾಯಿಸುವ ರೀತಿ ನನಗೆ ಇಷ್ಟ. ಹೆತ್ತವರು ಇರುವಾಗಲೇ ಮಗಳು ತನಗೆಂದು ಕಾನೂನು ಮೀಸಲಿಟ್ಟ ಪಾಲಿಗಾಗಿ ದಾವೆ ಹೂಡುವ ಹಕ್ಕನ್ನು ಬಿಡುವುದಾದರೆ ಪತ್ರ ಇಬ್ಬರು ನೋಟರಿಗಳ ಮುಂದೆ ಆಗಬೇಕು. ಬಿಡುವವರು ಒಬ್ಬೊಬ್ಬರಾಗಿ ಸಹಿ ಹಾಕಬೇಕು, ಆಗ ಕೋಣೆಯಲ್ಲಿ ನೋಟರಿಗಳ ಹೊರತು ಯಾರೂ ಇರಕೂಡದು. ನಮ್ಮ ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ? ಫೋಟೊ, ಹೆಬ್ಬೆಟ್ಟು, "ಬರೆದುಕೊಟ್ಟಿದ್ದು ನೀವೇನಾ" ಎಂಬ ಒಂದು ಪ್ರಶ್ನೆ. ಕರೆತಂದ ಅಣ್ಣ ಪಕ್ಕದಲ್ಲೇ ನಿಂತಿರುತ್ತಾನೆ.

ಸಹಿ ಹಾಕುವುದೇ ಆದರೆ ಕರಡನ್ನು ವಾರ ಮೊದಲೇ ತರಿಸಿಕೊಂಡು ಷೆಡ್ಯೂಲಿನ ಸರ್ವೆ ನಂಬರ್‌ಗಳನ್ನು ಪಹಣಿ ಜತೆ ತಾಳೆ ನೋಡಿ. "ಹಾಗೂ ಕುಟುಂಬದ ಇತರೆ ಎಲ್ಲಾ ಸ್ವತ್ತು" ಎಂಬ ಸಾಲು ಇದ್ದರೆ ಹೊಡೆಸಿ ಹಾಕಿ. ಮನೆ, ನಿವೇಶನ ಎಲ್ಲ ಕೈಬಿಡುವುದು ಆ ಒಂದೇ ಸಾಲಿನಲ್ಲಿ. ದುಡ್ಡು ಬ್ಯಾಂಕಿಗೇ ಬರಲಿ, ಮೊತ್ತ ಪತ್ರದಲ್ಲಿರಲಿ.

ಪ್ರಶ್ನೆ: ನಾನು ಫ್ರಾನ್ಸ್‌ನ ಲಿಯೋನ್‌ನಲ್ಲಿದ್ದೇನೆ. ಇಲ್ಲಿ ವಿಲ್ ಬರೆದು ಮಕ್ಕಳನ್ನು ಪೂರ್ತಿ ಹೊರಗಿಡಲು ಆಗಲ್ಲ ಅಂತಾರೆ. ನಮ್ಮಲ್ಲಿ ಯಾಕೆ ಹಾಗಿಲ್ಲ ಸರ್?

ಉತ್ತರ (ಉತ್ತರಾಧಿಕಾರ ವ್ಯಾಜ್ಯ ನೋಡುವ ವಕೀಲರು): ಅವರು ಹೇಳಿದ್ದು ಸರಿ. ಅಲ್ಲಿ ಒಂದು ಮಗು ಇದ್ದರೆ ಆಸ್ತಿಯ ಅರ್ಧ, ಎರಡಿದ್ದರೆ ಮೂರನೇ ಎರಡು, ಮೂರು ಅಥವಾ ಹೆಚ್ಚಿದ್ದರೆ ನಾಲ್ಕನೇ ಮೂರು ಭಾಗ ಮಕ್ಕಳಿಗೇ ಮೀಸಲು. ಇಂಗ್ಲೆಂಡ್ ಇದಕ್ಕೆ ತದ್ವಿರುದ್ಧ: ಯಾರಿಗೆ ಬೇಕಾದರೂ ಬರೆಯಬಹುದು. ವಯಸ್ಸಿಗೆ ಬಂದ ಮಕ್ಕಳು 1975ರ ಕಾಯ್ದೆಯಡಿ ಜೀವನಾಂಶದ ಮಟ್ಟಿಗೆ ಕೇಳಬಹುದು ಅಷ್ಟೆ, ಅದೂ ಪ್ರೊಬೇಟ್ (ವಿಲ್‌ಗೆ ಕೋರ್ಟಿನ ಮಂಜೂರಾತಿ) ಆದ 6 ತಿಂಗಳೊಳಗೆ.

ನಮ್ಮಲ್ಲಿ ಇಲ್ಲವೇ ಇಲ್ಲ ಅನ್ನಬೇಡಿ. ಕಾರವಾರ ದಾಟಿ ಗೋವಾಕ್ಕೆ ಹೋದರೆ ಪೋರ್ಚುಗೀಸರ ಕಾಲದಿಂದ ಬಂದ ಅರ್ಧ ಮೀಸಲು ಇವತ್ತಿಗೂ ಇದೆ. ಮುಸ್ಲಿಂ ಕಾನೂನಿನಲ್ಲಿ ವಾರಸುದಾರರ ಒಪ್ಪಿಗೆ ಇಲ್ಲದೆ ಮೂರನೇ ಒಂದಕ್ಕಿಂತ ಹೆಚ್ಚು ವಿಲ್ ಮಾಡಲು ಬರುವುದಿಲ್ಲ. ಆದರೆ ಹಿಂದೂ ಕಾನೂನಿನಲ್ಲಿ ಅಪ್ಪ ತನ್ನ ಸ್ವಯಾರ್ಜಿತವನ್ನು ಪೂರ್ತಿ ಮಗನಿಗೆ ಬರೆದರೂ ನಡೆಯುತ್ತದೆ. 2005ರ ತಿದ್ದುಪಡಿ ಮುಂಬಾಗಿಲು ತೆರೆದು ಹಿತ್ತಲ ಬಾಗಿಲಿಗೆ ಚಿಲಕ ಹಾಕಲಿಲ್ಲ ಎಂಬುದು ನನ್ನ ಅಭಿಪ್ರಾಯ.

ನಿಮ್ಮ ವಿಷಯ: 2015ರ ಆಗಸ್ಟ್ 17ರಿಂದ ಯುರೋಪಿನ ನಿಯಮದಂತೆ ವಾಸವಿದ್ದ ದೇಶದ ಕಾನೂನೇ ಅನ್ವಯ. ವಿಲ್‌ನಲ್ಲಿ ನೀವು ಭಾರತದ ಪೌರರೇ ಆಗಿದ್ದರೆ ಭಾರತದ ಕಾನೂನನ್ನು ಆರಿಸಿಕೊಳ್ಳಬಹುದು. ಹಾಗೆ ಆರಿಸಿ ಮಗಳನ್ನು ಬಿಟ್ಟರೆ, 2021ರ ನವೆಂಬರ್ 1ರಿಂದ ಫ್ರಾನ್ಸ್‌ನಲ್ಲಿರುವ ಆಸ್ತಿಯಿಂದ ಅವಳ ಮೀಸಲು ತುಂಬಿಕೊಡಲು ಅವಕಾಶವಿದೆ. ಊರಿನ ಜಮೀನಿಗೆ ಭಾರತದ ಕಾನೂನೇ.

ಪ್ರಶ್ನೆ: ಮೊದಲ ಪ್ರಶ್ನೆ ಕೇಳಿದವಳೇ. ಈಗ ತಮ್ಮ ಅಪ್ಪನ ವಿಲ್ ಇದೆ ಅಂತಾನೆ. ಪೌತಿ ಖಾತೆಗೂ (ಅಪ್ಪ ತೀರಿಕೊಂಡದ್ದಕ್ಕೆ ಖಾತೆ ಬದಲಾವಣೆ) ಅರ್ಜಿ ಹಾಕಿದ್ದಾನಂತೆ.

ಉತ್ತರ (ಸಿವಿಲ್ ವಕೀಲೆ): ವಿಲ್ ನಿಜವೇ ಆದರೂ ಅದು ಮುಟ್ಟುವುದು ಅಪ್ಪನ ಒಂದು ಎಕರೆಯನ್ನು. ನಿಮ್ಮಿಬ್ಬರ ತಲಾ ಒಂದು ಎಕರೆ ಅಲುಗದು. ಮೂಲ ಪ್ರತಿ ಕೇಳಿ. ಇಬ್ಬರು ಸಾಕ್ಷಿಗಳ ಸಹಿ ಇರಬೇಕು. ಬದುಕಿದ್ದರೆ ಅವರಲ್ಲಿ ಒಬ್ಬರಾದರೂ ಕೋರ್ಟಿನಲ್ಲಿ ಹೇಳಿಕೆ ಕೊಡಬೇಕು.

ಖಾತೆ ಬದಲಾದ ಮಾತ್ರಕ್ಕೆ ಮಾಲೀಕತ್ವ ಬರುವುದಿಲ್ಲ, ಆದರೆ ಖಾತೆ ನೋಡಿ ಕೊಳ್ಳುವವರು ಬರುತ್ತಾರೆ. ಅದಕ್ಕೇ ತಹಶೀಲ್ದಾರರಿಗೆ ಲಿಖಿತ ತಕರಾರು ಇವತ್ತೇ ಕೊಟ್ಟು ಸ್ವೀಕೃತಿ ಪಡೆಯಿರಿ. ಅರ್ಜಿ ಜತೆಗಿರುವ ವಂಶವೃಕ್ಷದ ನಕಲು ತೆಗೆಸಿ, ಹೆಣ್ಣುಮಕ್ಕಳ ಹೆಸರೇ ಬಿಟ್ಟಿರುವುದು ಅಪರೂಪವಲ್ಲ. ಋಣಭಾರ ಪತ್ರ ತೆಗೆಸಿದರೆ ಆಗಲೇ ಮಾರಾಟ, ಅಡಮಾನ ಆಗಿದೆಯೇ ತಿಳಿಯುತ್ತದೆ. ಮಾತಿಗೆ ಬಗ್ಗದಿದ್ದರೆ ವಿಭಾಗದ ದಾವೆ, ಜತೆಗೇ ಪರಭಾರೆ ಮಾಡದಂತೆ ತಡೆಯಾಜ್ಞೆ ಅರ್ಜಿ. ಕುಟುಂಬದ ಎಲ್ಲ ಸ್ವತ್ತನ್ನೂ ಎಲ್ಲ ಪಾಲುದಾರರನ್ನೂ ಸೇರಿಸಿ, ಅಕ್ಕನನ್ನೂ. ಒಂದು ಸರ್ವೆ ನಂಬರ್ ಬಿಟ್ಟರೂ ಅರೆಬರೆ ವಿಭಾಗ ಎಂಬ ಆಕ್ಷೇಪ ಬಂದು ವರ್ಷಗಳೇ ಹಿಡಿಯುತ್ತವೆ.