ಪದ ಬೇಕು: ‘ಟಿ-ಇಂಡಿಪೆಂಡೆಂಟ್ ಆಂಟಿಜೆನ್’ (ನಾಳೆ ಸಂಜೆಯೊಳಗೆ)

ನಮಸ್ಕಾರ, ಮಾಟುಂಗಾದಿಂದ.

ನಮ್ಮ ಕನ್ನಡ ಶಾಲೆಯ ವಿಜ್ಞಾನ ಪ್ರದರ್ಶನಕ್ಕೆ ಫ್ಲೆಕ್ಸ್ ಮಾಡಿಸಬೇಕು. ಪ್ರಿಂಟ್ ಅಂಗಡಿಯವನಿಗೆ ಕನ್ನಡ ಓದಲು ಬರುವುದಿಲ್ಲ, ಹಾಗಾಗಿ ಆಮೇಲೆ ತಿದ್ದುವ ಮಾತೇ ಇಲ್ಲ.

ವಿಷಯ ಇಷ್ಟು. ಆಂಟಿಜೆನ್ (ಪ್ರತಿಜನಕ) ಅಂದರೆ ದೇಹದ ರೋಗನಿರೋಧಕ ಕೋಶಗಳು ಗುರುತಿಸಿ ಎದುರಿಸುವ ವಸ್ತು. ನ್ಯುಮೋನಿಯಾ ತರುವ ನ್ಯುಮೋಕಾಕಸ್ ಬ್ಯಾಕ್ಟೀರಿಯಾದ ಹೊರಕವಚ ಸಕ್ಕರೆಯ ಉದ್ದನೆ ಸರಪಳಿ. ಒಂದೇ ತುಣುಕು ಮತ್ತೆ ಮತ್ತೆ ಬರುವುದರಿಂದ ಅದು ಬಿ ಕೋಶವನ್ನು (ಪ್ರತಿಕಾಯ, ಅಂದರೆ ಆಂಟಿಬಾಡಿ, ತಯಾರಿಸುವ ಕೋಶ) ನೇರವಾಗಿ ಎಬ್ಬಿಸುತ್ತದೆ. ಸಾಮಾನ್ಯವಾಗಿ ಅದಕ್ಕೆ ನೆರವಾಗುವ ಟಿ ಕೋಶ ಇಲ್ಲಿ ಬೇಕಾಗುವುದಿಲ್ಲ. ಇಂಥ ಆಂಟಿಜೆನ್‌ನ ನೆನಪು ದೇಹದಲ್ಲಿ ಉಳಿಯುವುದಿಲ್ಲ ಅಂತಲೇ ನಾವು ಓದಿದ್ದು. ಆದರೆ ಇಲಿಗಳಲ್ಲಿ ಉಳಿಯುತ್ತದೆ, ಬಿ-1ಬಿ ಎಂಬ ಬಗೆಯ ಬಿ ಕೋಶಗಳಲ್ಲಿ.

‘ಟಿ-ಕೋಶ ನಿರಪೇಕ್ಷ ಪ್ರತಿಜನಕದ ಸ್ಮೃತಿ’ ಅಂತ ಬರೆದೆ. ಎಂಟನೇ ಕ್ಲಾಸಿನ ಹುಡುಗಿಯೊಬ್ಬಳು ಓದಿ, “ಯಾರ ಜನಕ ಸಾರ್?” ಅಂದಳು.

ಉತ್ತರ, ಪುಣೆಯಿಂದ:
ನಿರಪೇಕ್ಷೆ ಸಂನ್ಯಾಸಿಯ ಗುಣ, ಸಕ್ಕರೆಯದಲ್ಲ. ‘ಟಿ ಹಂಗಿಲ್ಲದ’ ಎನ್ನಿ. ಅಚ್ಚಗನ್ನಡ. ಸ್ಮೃತಿಯೂ ಬೇಡ, ಮಕ್ಕಳು ಮನುವಿನ ಹತ್ತಿರ ಹೋಗಿಬಿಡುತ್ತಾರೆ. ನೆನಪು ಸಾಕು.

ಉತ್ತರ, ಡೊಂಬಿವಲಿಯಿಂದ:
ನೆನಪು ಒಪ್ಪಿದೆ. ಹಂಗು ಒಪ್ಪಲಾರೆ. ಟಿ ಕೋಶದ ಹಂಗಿನಲ್ಲಿ ಇರುವುದು, ಇಲ್ಲದಿರುವುದು ಬಿ ಕೋಶ. ಆಂಟಿಜೆನ್‌ಗೆ ಯಾರ ಹಂಗು? ಇಂಗ್ಲಿಷಿನವರು ವಿಶೇಷಣವನ್ನು ಪಕ್ಕದ ಮನೆಗೆ ಅಂಟಿಸಿದ್ದಾರೆ. ನಾವೂ ಅಲ್ಲೇ ಅಂಟಿಸಬೇಕಾ? ‘ಟಿ ಕೋಶದ ನೆರವಿಲ್ಲದೆ ಬಿ ಕೋಶವನ್ನು ಎಬ್ಬಿಸುವ ಪ್ರತಿಜನಕ’ ಎನ್ನಿ. ಉದ್ದ ಆಯ್ತು, ಆಗಲಿ. ಟಿ ಅಂದರೆ ಥೈಮಸ್, ಟಿ ಕೋಶಗಳು ಬಲಿಯುವ ಎದೆಯ ಗ್ರಂಥಿ, ಎಂದೂ ಒಂದು ಸಾಲು ಹಾಕಿ. ಥೈಮಸ್ ಬೆಳೆಯದೆ ಹುಟ್ಟುವ, ಮೈಮೇಲೆ ಕೂದಲಿಲ್ಲದ ಇಲಿಗಳಲ್ಲೂ ಈ ಸಕ್ಕರೆ ಪ್ರತಿಕಾಯ ಹುಟ್ಟಿಸುತ್ತದೆ. ಮಕ್ಕಳಿಗೆ ಆ ಬೋಳು ಇಲಿ ಚೆನ್ನಾಗಿ ನೆನಪಿರುತ್ತದೆ.

ಉತ್ತರ, ಪುಣೆಯಿಂದ:
ಅದು ಪದವಲ್ಲ, ವಾಕ್ಯ. ಪದ ಕೇಳಿದರೆ ಪದ ಕೊಡಿ. ಜೊತೆಗೆ ‘ಪ್ರತಿಜನಕ’, ‘ಪ್ರತಿಕಾಯ’ ಎರಡೂ ಸಂಸ್ಕೃತದ ಸಾಲ.

ಉತ್ತರ, ಮಡಗಾಂವಿನಿಂದ:
ಸಾಲದ ಮಾತು ಬಂತಲ್ಲ! ಮರಾಠಿಯಲ್ಲಿ ಪ್ರತಿಕಾಯಕ್ಕೆ ‘ಪ್ರತಿಪಿಂಡ’ ಅನ್ನುತ್ತಾರೆ. ನಮ್ಮ ಮನೆಯಲ್ಲಿ ಪಿಂಡ ಅಂದರೆ ಕಾಗೆ ಕರೆಯುತ್ತಾರೆ. ಅದೂ ಇದೇ ಸಂಸ್ಕೃತದ ಅಂಗಡಿಯ ಸರಕು, ಸುಮ್ನೆ ಬೇರೆ ಕಪಾಟಿನದು. ಆಂಟಿಜೆನ್ ಎಂದೇ ಬಿಡಿ. ಕೋವಿಡ್ ಹೊತ್ತಿಗೆ ಎಲ್ಲರ ಮೂಗಿಗೂ ಆ ಪದ ಹೋಗಿ ಬಂದಿದೆ, ಅಲ್ವಾ?

ಉತ್ತರ, ಪುಣೆಯಿಂದ:
ಮೂಗಿಗೆ ಹೋದದ್ದೆಲ್ಲ ಕನ್ನಡವಲ್ಲ.

ಮಾಟುಂಗಾದಿಂದ:
ಫ್ಲೆಕ್ಸ್ ಬಂತು. ತಲೆಬರಹ: ‘ಟಿ ಕೋಶದ ನೆರವಿಲ್ಲದೆಯೂ ಇಲಿಗೆ ನೆನಪಿರುತ್ತದೆ’. ಕೆಳಗೆ ಆಂಟಿಜೆನ್ ಎಂದೇ ಇದೆ, ಪುಣೆಯವರು ಕ್ಷಮಿಸಬೇಕು. ‘ನೆರವಿಲ್ಲದೆ’ಯ ಒತ್ತು ಮಾತ್ರ ಜಾರಿ ಬೋಳು ಇಲಿಯ ಕಿವಿಯ ಮೇಲೆ ಕೂತಿದೆ.