ಜಪಾನೀ ಬಾರದ ಜಪಾನೀ ಅಮೆರಿಕನ್ನರು ಭಾಷೆ ಕಲಿಯಲೇಬೇಕೆ?

ಮಲೆನಾಡಿಗ: ಕ್ಯಾಲಿಫೋರ್ನಿಯಾದಲ್ಲಿ ಸಂಜೆ ಜಪಾನೀ ತರಗತಿಗೆ ಹೋಗ್ತೀನಿ. ಅಲ್ಲಿ ನಾಲ್ಕನೇ ತಲೆಮಾರಿನ ಜಪಾನೀ ಅಮೆರಿಕನ್ನರೂ ನಮ್ಮ ಹಾಗೇ ಹಿರಗಾನ ಅಕ್ಷರದಿಂದ ಶುರು ಮಾಡಿದಾರೆ. ನೇರವಾಗಿ ಹೇಳ್ತೀನಿ: ಭಾಷೆ ಹೋದ ಮೇಲೆ ಉಳಿಯೋದು ಮನೆತನದ ಹೆಸರು, ಊಟ, ಓಬೊನ್ ಹಬ್ಬದ ಕುಣಿತ ಅಷ್ಟೆ. ತಮ್ಮತನ ಬೇಕು ಅಂದರೆ ಭಾಷೆ ಕಲೀಲೇಬೇಕು.

ಹಕ್ಕಿಗೂಡು: ಯಾರೂ ಸುಮ್ಮನೆ ಭಾಷೆ ಬಿಡಲಿಲ್ಲ. 1941ರಲ್ಲಿ ಹವಾಯಿಯ ಪರ್ಲ್ ಹಾರ್ಬರ್ ಮೇಲೆ ಜಪಾನ್ ದಾಳಿ ಮಾಡಿದ ಕೂಡಲೇ ಎಫ್‌ಬಿಐ ಹಿಡಿದೊಯ್ದವರಲ್ಲಿ ಜಪಾನೀ ಶಾಲೆಗಳ ಮೇಷ್ಟ್ರುಗಳೂ ಇದ್ದರು. ಹೆದರಿ ಎಷ್ಟೋ ಮನೆಗಳಲ್ಲಿ ಪತ್ರ, ಪುಸ್ತಕ ಸುಟ್ಟರು. 1942ರ ಫೆಬ್ರವರಿಯಲ್ಲಿ ಅಧ್ಯಕ್ಷ ರೂಸ್‌ವೆಲ್ಟ್ 9066ನೇ ಆದೇಶಕ್ಕೆ ಸಹಿ ಹಾಕಿದರು. ಅದರ ಮೇಲೆ ಸುಮಾರು 1,20,000 ಜಪಾನೀ ಮೂಲದವರನ್ನ ಬಂಧನ ಶಿಬಿರಕ್ಕೆ ತಳ್ಳಿದರು, ಮೂರರಲ್ಲಿ ಎರಡು ಪಾಲು ಅಮೆರಿಕದ ಪ್ರಜೆಗಳೇ. ಹೊರಬಂದವರು ಮಕ್ಕಳ ಹತ್ತಿರ ಇಂಗ್ಲಿಷೇ ಆಡಿದರು ಅಂದರೆ ಅದರ ಹಿಂದೆ ಇದ್ದದ್ದು ಭಯ. ಅವರ ಮೊಮ್ಮಕ್ಕಳಿಗೆ ಈಗ ನೀವು ಪರೀಕ್ಷೆ ಇಡೋದು ಅನ್ಯಾಯ.

ಮಲೆನಾಡಿಗ: ಕಿತ್ತುಕೊಂಡದ್ದನ್ನ ವಾಪಸ್ ಪಡೀಬೇಕು ಅನ್ನೋಕೆ ಅದೇ ಕಾರಣ ಅಲ್ವಾ? ಹವಾಯಿಯ ಹಿರಿಯರು ತಮ್ಮ ಭಾಷಾ ಶಾಲೆಗಳಿಗಾಗಿ ಸುಪ್ರೀಂ ಕೋರ್ಟ್‌ವರೆಗೆ ಹೋಗಿ 1927ರಲ್ಲಿ ಗೆದ್ದಿದ್ದರು.

ಪಡುವಣ ಗಾಳಿ: ಕಲಿತರೂ ‘ನಮ್ಮವರು’ ಅನ್ನಿಸಿಕೊಳ್ತಾರೆ ಅಂತ ಖಾತ್ರಿಯಿಲ್ಲ. 1990ರಲ್ಲಿ ಜಪಾನ್ ಕಾನೂನು ಬದಲಿಸಿ ಬ್ರೆಜಿಲ್‌ನ ಜಪಾನೀ ವಂಶಜರಿಗೆ ಬಾಗಿಲು ತೆರೆಯಿತು. ಜಪಾನಿನ ಹಮಾಮಾತ್ಸು ನಗರದ ಕಾರ್ಖಾನೆಗಳಿಗೆ ಬಂದವರನ್ನ ಊರವರು ಬ್ರೆಜಿಲ್‌ನವರು ಅಂತಲೇ ಕಂಡರು. 2009ರಲ್ಲಿ ಕೆಲಸ ಹೋದಾಗ, ವಾಪಸ್ ಹೋಗಿ ಅಂತ ಸರಕಾರವೇ ಕಾರ್ಮಿಕರಿಗೆ ತಲಾ 3 ಲಕ್ಷ ಯೆನ್ ಕೊಡಲು ಮುಂದಾಯಿತು.

ಉಪ್ಪುನೀರು: ಯಾರೂ ಎತ್ತದ ಮಾತು ಒಂದಿದೆ. ಹವಾಯಿ, ಬ್ರೆಜಿಲ್‌ಗೆ ಹೋದವರಲ್ಲಿ ಜಪಾನಿನ ದಕ್ಷಿಣದ ದ್ವೀಪ ಓಕಿನಾವಾದವರು ಬಹಳ. ಅವರ ಮನೆಮಾತು ಉಚಿನಾಗುಚಿ, ಟೋಕಿಯೋ ಜಪಾನೀಗಿಂತ ಬೇರೆಯದೇ ಮಾತು. ಓಕಿನಾವಾದ ಶಾಲೆಗಳಲ್ಲಿ ಅದನ್ನಾಡಿದ ಮಕ್ಕಳ ಕೊರಳಿಗೆ ಹಲಗೆ ನೇತುಹಾಕಿ ಅವಮಾನ ಮಾಡ್ತಿದ್ದರು. ಅಂಥವರ ಮೊಮ್ಮಕ್ಕಳಿಗೆ ‘ಇದು ನಿಮ್ಮ ಹಿರಿಯರ ಭಾಷೆ’ ಅಂತ ಟೋಕಿಯೋ ಜಪಾನೀ ಕೊಡೋದೇ? ತುಳು ಮನೆಯಲ್ಲಿ ಬೆಳೆದ ನನಗೆ ಇದು ತುಂಬ ತಟ್ಟುತ್ತೆ.

ಹಕ್ಕಿಗೂಡು: ಓಕಿನಾವಾ ಹಾಗಿರಲಿ, ಹಿರೋಶಿಮಾ, ಕುಮಾಮೊತೊ ಕಡೆಯವರ ಮೊಮ್ಮಕ್ಕಳು ಅಜ್ಜಿಯ ಮಾತನ್ನ ತರಗತಿಯಲ್ಲಿ ಆಡಿದರೂ ತಪ್ಪು ಅಂತ ತಿದ್ದೋದುಂಟು. ಮುಖ ನೋಡಿ ‘ನಿನಗೆ ಬರಬೇಕಿತ್ತಲ್ಲ’ ಅನ್ನೋದು ಬೇರೆ. ಮಲೆನಾಡಿಗರೇ, ನಿಮ್ಮನ್ನ ಯಾರೂ ಹಾಗೆ ಕೇಳಲ್ಲ. ನೀವು ಎರಡು ವಾಕ್ಯ ಆಡಿದರೂ ಭೇಷ್ ಅಂತಾರೆ.

ಮಲೆನಾಡಿಗ: ಅದನ್ನ ಕಣ್ಣಾರೆ ನೋಡಿದೀನಿ, ನನಗೆ ಮೆಚ್ಚುಗೆ, ಪಕ್ಕದಲ್ಲಿ ಕೂತವರಿಗೆ ಮುಜುಗರ. ಆದರೆ ಮುತ್ತಜ್ಜನ ಕಾಗದಗಳನ್ನ ಓದಬೇಕು ಅಂತಲೇ ಬರುವವರೂ ಅಲ್ಲಿದ್ದಾರೆ. ಆ ಕಾಲದ ಕೂಡುಬರಹ ಓದೋಕೆ ವರ್ಷಗಟ್ಟಲೆ ಕಲೀಬೇಕು. ಅವರು ಅರ್ಧಕ್ಕೆ ಬಿಟ್ಟರೆ ನನಗೆ ಸಂಕಟ ಆಗುತ್ತೆ.

ಪಡುವಣ ಗಾಳಿ: ಹಾಗಾದರೆ ಆ ಕಾಗದ ಓದೋದನ್ನೇ ಕಲಿಸಿ ಅಂತ ಮೇಷ್ಟ್ರನ್ನ ಕೇಳಿ. ಪಠ್ಯದಲ್ಲಿ ಇರೋದು ಆಫೀಸಿನ ಮಾತು, ಪ್ರವಾಸದ ಮಾತು. ಅವರು ಬಂದದ್ದು ಅದಕ್ಕಲ್ಲ.

ಮಲೆನಾಡಿಗ: ಕೇಳ್ತೀನಿ. ಆದರೂ ‘ಕಲೀಲೇಬೇಕು’ ಅನ್ನೋದನ್ನ ನಾನು ಹಿಂದಕ್ಕೆ ತಗೊಳ್ಳಲ್ಲ.